ಕಾಲು ಹೋದ ಹಮಾಲಿಯ ಲೆಕ್ಕ ಯಾರು ಕಲಿಸಬೇಕು?

ಅಪಘಾತ ಪರಿಹಾರದ ಕೇಸು ನಡೆಸುವ ವಕೀಲರಿಗೆ ಆಗಾಗ ತರಬೇತಿ ಬೇಕು ಎಂದು ಬರೆದಿದ್ದೀರಿ. ಒಪ್ಪಿದೆ ಸರ್. ಆದರೆ ಬೆಂಗಳೂರಿನ ಹಾಲ್‌ನಲ್ಲಿ ಸುಮ್ನೆ ಭಾಷಣ ಕೇಳಿ, ಊಟ ಮಾಡಿ, ಸರ್ಟಿಫಿಕೇಟ್ ತರೋದಾದರೆ ಬೇಡ. ನಮ್ಮ ರಾಯಚೂರಿನ ಕಡೆ ಬೇಕಾದದ್ದು ಲೆಕ್ಕ ಕಲಿಸುವ ತರಬೇತಿ.

ಎಪಿಎಂಸಿಯಲ್ಲಿ ಭತ್ತದ ಚೀಲ ಹೊರುವ ಹಮಾಲಿ ಎಂದಿಟ್ಟುಕೊಳ್ಳಿ. ವಯಸ್ಸು 38, ತಿಂಗಳ ದುಡಿಮೆ 15,000 ರೂಪಾಯಿ. ಲಾರಿ ಹರಿದು ಒಂದು ಕಾಲು ಹೋಯ್ತು. ಡಾಕ್ಟರು ಅಂಗವೈಕಲ್ಯ ಶೇ 40 ಎಂದು ಬರೆದರು. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನ ಪ್ರಕಾರ ಆ ವಯಸ್ಸಿಗೆ ಮಲ್ಟಿಪ್ಲೈಯರ್, ಅಂದರೆ ವರ್ಷದ ದುಡಿಮೆಯನ್ನು ಗುಣಿಸುವ ಸಂಖ್ಯೆ, 15. ಶೇ 40ನ್ನೇ ಹಿಡಿದು ಕೂತರೆ ದುಡಿಮೆ ನಷ್ಟ 10.8 ಲಕ್ಷ. ಕಾಲಿಲ್ಲದವನು ಚೀಲ ಹೊರೋದು ಹೇಗೆ? ದುಡಿಮೆ ಪೂರ್ತಿ ಹೋದಂತೆಯೇ ಅಲ್ವಾ? ಹಾಗೆ ಹಿಡಿದರೆ 27 ಲಕ್ಷ. ದೇಹದ ಊನ ಬೇರೆ, ದುಡಿಯುವ ಶಕ್ತಿಯ ನಷ್ಟ ಬೇರೆ ಎಂದು ಸುಪ್ರೀಂ ಕೋರ್ಟ್ ರಾಜ್‌ಕುಮಾರ್–ಅಜಯ್ ಕುಮಾರ್ ಪ್ರಕರಣದಲ್ಲಿ ಹೇಳಿ ಎಷ್ಟೋ ವರ್ಷ ಆಯ್ತು. ಆದರೆ ಡಾಕ್ಟರನ್ನು ಸಾಕ್ಷಿಗೆ ಕರೆಸಿ, "ಇವನು ಇನ್ನು ಚೀಲ ಹೊರಬಲ್ಲನೇ?" ಎಂದು ಕೇಳಬೇಕಲ್ಲ! ಅದನ್ನೇ ಬಿಟ್ಟರೆ ತೀರ್ಪು ಗೊತ್ತಿದ್ದೂ ಕೆಲಸಕ್ಕೆ ಬರುವುದಿಲ್ಲ.

ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕೆಂಬ ಗಡುವು 2022ರ ಏಪ್ರಿಲ್‌ನಿಂದ ಬಂದಿದೆ. ಅದನ್ನಂತೂ ಮೊದಲ ಪಾಠದಲ್ಲೇ ಹೇಳಲಿ. ಪಾಠ ಮಾಡಲು ವಿಮೆ ಕಂಪನಿ ಪರ ವಾದಿಸುವ ಒಬ್ಬ ಹಿರಿಯ ವಕೀಲರನ್ನೂ ಕರೆಸಿ. ನಾವು ಎಲ್ಲಿ ಎಡವುತ್ತೇವೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು.