ಕಾಗೆ ಬಿಟ್ಟರೆ ಪಟ್ಟಿ ಕೆಟ್ಟಂತೆ

ಅಪರೂಪದ ಹಕ್ಕಿಯ ಫೋಟೊಗೆ ಬೀಳುವಷ್ಟು ಲೈಕು, ಹಕ್ಕಿ ನೋಡಲು ಹೋದವರು ಬರೆದಿಟ್ಟ ಕಾಗೆ, ಗೊರವಂಕ, ಪಿಕಳಾರ ಇರುವ ಪಟ್ಟಿಗೆ ಬೀಳುವುದಿಲ್ಲ. ಬೀಳದಿದ್ದರೆ ಬೇಡ. ಆದರೆ ಹಕ್ಕಿಗಳು ಹೆಚ್ಚುತ್ತಿವೆಯೋ ಕಡಿಮೆಯಾಗುತ್ತಿವೆಯೋ ಎಂದು ಹೇಳಬಲ್ಲದ್ದು ಆ ಸಪ್ಪೆ ಪಟ್ಟಿಯೇ.

ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತ 2023ರ ವರದಿ 942 ಪ್ರಭೇದಗಳನ್ನು ಪರಿಶೀಲಿಸಿತು. ಅದರ ಬಂಡವಾಳ, ಜನ ಹಕ್ಕಿ ದಾಖಲಿಸುವ ಆನ್‌ಲೈನ್ ತಾಣ ಇ-ಬರ್ಡ್‌ಗೆ ಹಾಕಿದ ಪಟ್ಟಿಗಳು. ನಮ್ಮ ರಾಜ್ಯಪಕ್ಷಿ ನೀಲಕಂಠ 12 ವರ್ಷಗಳಲ್ಲಿ ಸುಮಾರು ಶೇ 30ರಷ್ಟು ಕುಸಿದದ್ದೂ, ನವಿಲು ಏರುತ್ತಿರುವುದೂ ಗೊತ್ತಾದದ್ದು ಹೀಗೆ.

ನೂರು ಪೂರ್ಣ ಪಟ್ಟಿಗಳಲ್ಲಿ ನೀಲಕಂಠ ಎಷ್ಟರಲ್ಲಿದೆ ಎಂಬುದೇ ಇಲ್ಲಿನ ಅಳತೆ. ಪೂರ್ಣ ಪಟ್ಟಿ ಎಂದರೆ ಕಂಡು ಅಥವಾ ಕೇಳಿ ಗುರುತಿಸಿದ ಎಲ್ಲ ಹಕ್ಕಿಯೂ ಅದರಲ್ಲಿರಬೇಕು. ಆಗ ಮಾತ್ರ ಪಟ್ಟಿಯಲ್ಲಿ ಇಲ್ಲದ ಹಕ್ಕಿ ‘ಸಿಗಲಿಲ್ಲ’ ಎಂದು ಲೆಕ್ಕಕ್ಕೆ ಬರುತ್ತದೆ. ಪಟ್ಟಿಯಲ್ಲಿ ಎಷ್ಟು ಪ್ರಭೇದಗಳಿವೆ ಎಂಬುದನ್ನೇ ನೋಡುಗರ ಶ್ರಮದ ಅಳತೆಯಾಗಿಯೂ ಬಳಸುತ್ತಾರೆ. ಕಾಗೆ, ಪಾರಿವಾಳ ಬೇಡವೆಂದು ಬಿಟ್ಟರೆ ಆ ಅಳತೆಯೂ ತಪ್ಪುತ್ತದೆ. ಆಯ್ದ ಹಕ್ಕಿಗಳನ್ನಷ್ಟೇ ಬರೆದಿದ್ದರೆ, ‘ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ’ ಎಂದು ಇ-ಬರ್ಡ್ ಕೇಳುವಲ್ಲಿ ‘ಇಲ್ಲ’ ಒತ್ತಿ. ಹಲವರು ಅಭ್ಯಾಸಬಲದಿಂದ ‘ಹೌದು’ ಒತ್ತಿಬಿಡುತ್ತಾರೆ.

ಕನಿಷ್ಠ 15 ನಿಮಿಷ ನೋಡಿ. 30 ಮೀಟರಿನೊಳಗೇ ಇದ್ದರೆ ಅದು ನಿಂತ ಪಟ್ಟಿ, ದಾಟಿದರೆ ನಡೆದ ಪಟ್ಟಿ. ಹೋದ ದಾರಿಯಲ್ಲೇ ಮರಳಿದರೆ ಒಂದು ಕಡೆಯ ದೂರ ಮಾತ್ರ ಬರೆಯಿರಿ. ಕೆರೆ ಮುಗಿದು ಹೊಲ ಶುರುವಾದರೆ ಹೊಸ ಪಟ್ಟಿ ತೆರೆಯಿರಿ. ಇಡೀ ದಿನದ ಸಫಾರಿಯನ್ನು ಒಂದೇ ಪಟ್ಟಿಗೆ ತುರುಕಿದರೆ ಯಾವ ಹಕ್ಕಿ ಎಲ್ಲಿತ್ತೆಂದು ದೇವರೇ ಹೇಳಬೇಕು. ಸಂಖ್ಯೆಯ ಜಾಗದಲ್ಲಿ ‘ಎಕ್ಸ್’ (ಹಕ್ಕಿ ಇತ್ತು, ಎಣಿಸಿಲ್ಲ ಎಂಬ ಗುರುತು) ಹಾಕಬೇಡಿ. ದೊಡ್ಡ ಹಿಂಡಾದರೆ ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆಂದು ನೋಡಿ, ಅದೇ ಅಳತೆಯಲ್ಲಿ ಉಳಿದದ್ದನ್ನು ಅಂದಾಜಿಸಿ. ಐದು ಜನ ಜೊತೆಗೆ ಹೋದರೆ ಒಬ್ಬರು ಬರೆದು ಉಳಿದವರಿಗೆ ಹಂಚಿ.

ಮರ್ಲಿನ್ ಆ್ಯಪ್ ಕೂಗು ಕೇಳಿ ತೋರಿಸುವ ಹೆಸರು ಬರೀ ಸುಳಿವು. ನಿಮ್ಮ ಕಣ್ಣೋ ಕಿವಿಯೋ ಒಪ್ಪದೆ ಅದನ್ನು ಪಟ್ಟಿಗೆ ಸೇರಿಸಬೇಡಿ.

ಇನ್ನೊಂದು ಮಾತು. ಲಾಲ್‌ಬಾಗಿನ ಪಟ್ಟಿಗಳಿಗೆ ಬರವಿಲ್ಲ. ನೀಲಕಂಠದಂಥವು ಬದುಕುವುದು ಬಯಲಲ್ಲಿ, ಹೊಲದಲ್ಲಿ. ಯಾದಗಿರಿ, ಕೊಪ್ಪಳದ ಕಡೆ ಊರಿದ್ದವರು ಹಬ್ಬಕ್ಕೆ ಹೋದಾಗ ಹೊಲದ ಬದುವಿನಲ್ಲಿ ಕಾಲು ಗಂಟೆ ನಿಂತು ಒಂದು ಪಟ್ಟಿ ಹಾಕಿ. ನಾಲ್ಕೇ ಹಕ್ಕಿ ಸಿಕ್ಕರೂ ಹಾಕಿ.