ಸ್ಪಷ್ಟನೆ: ಉಚಿತ ವಕೀಲರಿಗೆ ಬಿಪಿಎಲ್ ಕಾರ್ಡ್ ಬೇಕೆಂಬುದು ತಪ್ಪು

‘ವಿಚ್ಛೇದನ, ಜೀವನಾಂಶದ ಕೇಸಿಗೆ ಉಚಿತ ವಕೀಲರು ಬೇಕಾದರೆ ಬಿಪಿಎಲ್ ಕಾರ್ಡ್ ಕಡ್ಡಾಯ, ದುಡಿಯುವ ಹೆಂಗಸರಿಗೆ ಸಿಗುವುದಿಲ್ಲ’ ಎಂಬ ಸಂದೇಶ ಓಡಾಡುತ್ತಿದೆ. ನಾನೂ ಓದದೆಯೇ ಎರಡು ಗುಂಪುಗಳಿಗೆ ದಾಟಿಸಿದ್ದೆ. ಅದು ತಪ್ಪು.

ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯೇ ಇಲ್ಲ. ಸಂಬಳ ಬರುತ್ತಿದ್ದರೂ ಅರ್ಜಿ ಹಾಕಬಹುದು. ಮೇಲ್ನೋಟಕ್ಕೆ ಕೇಸಿನಲ್ಲಿ ಹುರುಳಿದೆಯೇ ಎಂದು ಮಾತ್ರ ನೋಡುತ್ತಾರೆ. ವಕೀಲರ ಫೀಸಷ್ಟೇ ಅಲ್ಲ, ಕೋರ್ಟ್ ಶುಲ್ಕವೂ ಈ ನೆರವಿನಲ್ಲಿ ಸೇರುತ್ತದೆ (ಇದು ಬಹಳ ಜನರಿಗೆ ಗೊತ್ತೇ ಇಲ್ಲ).

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅಥವಾ ತಾಲ್ಲೂಕು ಸಮಿತಿಯಲ್ಲಿ ಅರ್ಜಿ ಕೊಡಿ. ಸಹಾಯವಾಣಿ 15100.

ಆ ಸಂದೇಶ ನಿಮ್ಮಲ್ಲಿದ್ದರೆ ಅಳಿಸಿ, ದಯವಿಟ್ಟು ಯಾರಿಗೂ ಕಳಿಸಬೇಡಿ.