ಅತ್ತೆಗೊಂದು ಕತ್ತರಿ

ರಾಜಾಜಿನಗರದ ನಮ್ಮ ಮನೆಯಲ್ಲಿ ಏನನ್ನಾದರೂ ಬಿಸಾಡಬೇಕಾದರೆ ಮೊದಲು ತಾರಸಿಗೆ ಹೋಗಿ ಅಪ್ಪಣೆ ತರಬೇಕು. ನೀರಿನ ಟ್ಯಾಂಕಿನ ಪಕ್ಕದ ಶೀಟಿನ ಕೋಣೆ ಈಗ ನಮ್ಮತ್ತೆಯ ಸ್ಟುಡಿಯೋ. ಹಾರ್ಲಿಕ್ಸ್ ಬಾಟಲಿಯಲ್ಲಿ ಬ್ರಷ್ಷುಗಳು, ಸೊಟ್ಟಗಾದ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಬಣ್ಣ. ಆ ತಟ್ಟೆ ತಾನಾಗಿ ಸೊಟ್ಟಗಾಯಿತೋ, ಯಾರಾದರೂ ಸೊಟ್ಟಗೆ ಮಾಡಿದರೋ ಎಂಬ ಅನುಮಾನ ನನಗಿನ್ನೂ ಇದೆ.

ಅತ್ತೆಗೆ ಹುಚ್ಚು ಹಿಡಿಸಿದ್ದು ಮಥುರಾ-ಬೃಂದಾವನದ ಸಾಂಝಿ ಕಲೆ. ಕಾಗದದಲ್ಲಿ ಕೃಷ್ಣ, ಹಸು, ಮರ ಎಲ್ಲವನ್ನೂ ಸಣ್ಣ ಕತ್ತರಿಯಲ್ಲಿ ಕೊರೆದು, ನೆಲದ ಮೇಲಿಟ್ಟು ಬಣ್ಣದ ಪುಡಿ ಉದುರಿಸಿದರೆ ರಂಗೋಲಿ ಮೂಡುತ್ತದೆ. ಕೇಳೋಕೆ ಸುಲಭ. ಆದರೆ ಎಷ್ಟೇ ಕೊರೆದರೂ ಉಳಿದದ್ದೆಲ್ಲ ಒಂದಕ್ಕೊಂದು ಅಂಟಿಕೊಂಡೇ ಇರಬೇಕು. ಹಸುವಿನ ಬಾಲ ಮರಕ್ಕೆ, ಮರ ಅಂಚಿಗೆ. ನಡುವಿನ ಎಳೆ ಕಡಿದರೆ ಕೃಷ್ಣನ ಕೊಳಲು ಕೆಳಗೆ, ಅತ್ತೆಯ ಬಿಪಿ ಮೇಲೆ.

“ಈ ವಯಸ್ಸಲ್ಲಿ ಯಾಕಮ್ಮಾ?” ಅಂತ ನಮ್ಮನೆಯವರು ಒಮ್ಮೆ ಕೇಳಿ ಕೆಟ್ಟರು. “ಫ್ರಾನ್ಸಿನ ಚಿತ್ರಕಾರ ಮತೀಸ್ 1941ರಲ್ಲಿ ಆಪರೇಷನ್ ಆಗಿ ಹಾಸಿಗೆ ಹಿಡಿದ ಮೇಲೂ ಕತ್ತರಿ ಬಿಡಲಿಲ್ಲ ಕಣೋ. ಆಗ ಅವನಿಗೆ ಎಪ್ಪತ್ತು ದಾಟಿತ್ತು. ನಂಗಿನ್ನೂ ಅರವತ್ತೆಂಟು!”

ಕಾಗದಕ್ಕೆ ಬರವಿಲ್ಲ. ನ್ಯೂಸ್‌ಪೇಪರ್ ತೆಳು, ಹರಿಯುತ್ತದೆ. 75 ಜಿಎಸ್‌ಎಂನ (ಅಂದರೆ ಚದರ ಮೀಟರಿಗೆ 75 ಗ್ರಾಂ ತೂಗುವ) ಜೆರಾಕ್ಸ್ ಹಾಳೆ ಮಡಚಿ ಕತ್ತರಿಸೋಕೆ ಸರಿ. ಮದುವೆ ಕಾರ್ಡು ಮಡಚೋಕೆ ದಪ್ಪ, ಬ್ಲೇಡೇ ಬೇಕು. ಆದರೆ ಅದರ ಬಣ್ಣ, ಅದರ ಗಟ್ಟಿತನ ಇನ್ಯಾವುದಕ್ಕೂ ಇಲ್ಲವಂತೆ. ಕಷ್ಟ ಶುರುವಾದದ್ದೇ ಅಲ್ಲಿ.

ಚಿಕ್ಕಮಾವನ ಮಗಳ ಮದುವೆ ದಿನ ರೇಷ್ಮೆ ಸೀರೆ ಉಟ್ಟು, ಮುಯ್ಯಿ ಕವರಿಗೆ ಒಂದು ರೂಪಾಯಿ ನಾಣ್ಯ ಅಂಟಿಸಿ, “ಅತ್ತೆ, ಛತ್ರ ಎಲ್ಲಿ?” ಅಂದೆ.

“ನವಿಲಿನ ಬಾಲದಲ್ಲಿದೆ ನೋಡಮ್ಮ.”

ಇತ್ತು. ಒಂದು ಗರಿಯಲ್ಲಿ ‘ಕಲ್ಯಾಣ ಮಂಟಪ’, ಪಕ್ಕದ ಗರಿಯಲ್ಲಿ ‘ಬನಶಂಕರಿ’, ಆಮೇಲೆ ಚೆಂದದೊಂದು ತೂತು, ಆಮೇಲೆ ‘ನೇ ಹಂತ’. ಬನಶಂಕರಿಗೆ ಆರು ಹಂತಗಳಿವೆ. ಎಷ್ಟನೆಯದು ಎಂಬುದು ಗರಿಯ ಕಣ್ಣಾಗಿ ಕತ್ತರಿಸಿಹೋಗಿತ್ತು. ಫೋನ್ ಮಾಡಿದರೆ ವಾಲಗದ ಗಲಾಟೆಯಲ್ಲಿ ಯಾರೂ ಎತ್ತಲಿಲ್ಲ. ಎರಡನೇ ಹಂತದ ಛತ್ರವೊಂದರಲ್ಲಿ ಪನ್ನೀರು ಚಿಮುಕಿಸಿಕೊಂಡು ಒಳಗೆ ಹೋಗಿ, ಹುಡುಗಿ ನಮ್ಮವಳಲ್ಲ ಅಂತ ಗೊತ್ತಾಗಿ ಹೊರಗೆ ಬಂದೆವು. ಅಷ್ಟರಲ್ಲಿ ನಮ್ಮನೆಯವರು ಕೋಸಂಬರಿಯ ಕಡೆ ಒಮ್ಮೆ ತಿರುಗಿ ನೋಡಿದ್ದನ್ನು ನಾನು ಗಮನಿಸಿದೆ. ಅಂತೂ ಮೂರನೇ ಹಂತ ಸಿಕ್ಕಾಗ ಕಡೇ ಪಂಕ್ತಿ.

“ಅಕ್ಕಾ, ಈಗ ಬರೋದಾ?” ಅಂತ ಹುಡುಗಿಯ ತಾಯಿ ಮುಖ ಊದಿಸಿದರು. ಅತ್ತೆ ಅಳುಕದೆ ವ್ಯಾನಿಟಿ ಬ್ಯಾಗಿನಿಂದ ನವಿಲು ತೆಗೆದು, “ನಿಮ್ಮ ಕಾರ್ಡಲ್ಲೇ ಮಾಡಿದ್ದು ಕಣೆ, ಮಗಳಿಗೆ ಉಡುಗೊರೆ” ಅಂದುಬಿಟ್ಟರು. ಆಕೆಯ ಕಣ್ಣಲ್ಲಿ ನೀರು. ಆಗಿನಿಂದ ನೆಂಟರು ನಮಗೆ ಎರಡೆರಡು ಕಾರ್ಡು ಕೊಡುತ್ತಾರೆ.

ಈಚೆಗೆ ಹಳೇ ಪೇಪರ್‌ನವನೂ ನಮ್ಮಿಂದ ಕೊಳ್ಳುವುದನ್ನು ಬಿಟ್ಟು ನಮಗೇ ಮಾರುತ್ತಿದ್ದಾನೆ. ಮೊನ್ನೆ “ಅಮ್ಮಾ, ಮದುವೆ ಕಾರ್ಡು ಬಂದೈತೆ” ಅಂತ ಕೂಗಿದ. ಅತ್ತೆ ಕಟ್ಟು ಬಿಚ್ಚಿದರು. ಮೇಲುಗಡೆಯೇ ಆ ನವಿಲು, ಬಾಲದಲ್ಲಿ ‘ನೇ ಹಂತ’ ಸಮೇತ.

ನಾನು ಉಸಿರು ಬಿಗಿಹಿಡಿದು ಅತ್ತೆಯ ಮುಖ ನೋಡಿದೆ. ಅವರು ಅದನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, “ರಟ್ಟು ಇನ್ನೂ ಗಟ್ಟಿಯಾಗಿದೆ. ಎರಡು ಗಿಳಿ ಆಗತ್ತೆ. ಕೇಜಿಗೆ ಎಷ್ಟಪ್ಪಾ?” ಅಂದರು.